ತೀರ್ಪು ನ್ಯಾಯಾಲಯದ್ದು, ನಾಲಗೆ ನಮ್ಮದು

2025ನೆಯ ಇಸವಿಯ ಆಗಸ್ಟ್ 2ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯವು ಹಾಸನದ ಮಾಜಿ ಲೋಕಸಭಾ ಸದಸ್ಯ ಪ್ರಜ್ವಲ್ ರೇವಣ್ಣ ಅವರಿಗೆ ಜೀವನಪರ್ಯಂತ ಸೆರೆವಾಸದ ಶಿಕ್ಷೆಯನ್ನು ವಿಧಿಸಿತು. ಅವರು ಅಪರಾಧಿಯೆಂದು ನ್ಯಾಯಾಧೀಶ ಸಂತೋಷ್ ಗಜಾನನ ಭಟ್ ಅವರು ಹಿಂದಿನ ದಿನವೇ ತೀರ್ಪಿತ್ತಿದ್ದರು. ದೇಶದ ಪ್ರಧಾನಿ ಪದವಿಯನ್ನು ಅಲಂಕರಿಸಿದ ಹಿರಿಯರೊಬ್ಬರ ಮೊಮ್ಮಗ, ಮೂವತ್ತು ತುಂಬುವ ಮೊದಲೇ ಸಂಸತ್ತನ್ನು ಪ್ರವೇಶಿಸಿದ ತರುಣ, ತಮ್ಮ ಕುಟುಂಬದ ತೋಟದ ಮನೆಯಲ್ಲಿ ಕೂಲಿಗೆ ದುಡಿಯುತ್ತಿದ್ದ ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ಎಸಗಿದ್ದು ರುಜುವಾತಾಯಿತು. ಹನ್ನೊಂದು ಲಕ್ಷ ರೂಪಾಯಿಗೂ ಮೀರಿದ ದಂಡವನ್ನು ವಿಧಿಸಿ, ಅದರ ಬಹುಪಾಲು ಆ ಸಂತ್ರಸ್ತೆಗೆ ಸಲ್ಲಬೇಕೆಂದು ನ್ಯಾಯಾಲಯವು ಆದೇಶಿಸಿತು. ಅವರ ಮೇಲೆ ದಾಖಲಾದ ಪ್ರಕರಣಗಳಲ್ಲಿ ತೀರ್ಪು ಕಂಡ ಮೊದಲನೆಯದು ಇದು. ಮೇಲಿನ ನ್ಯಾಯಾಲಯಕ್ಕೆ ಮೊರೆ ಹೋಗುವ ಹಕ್ಕು ಎಲ್ಲ ಅಪರಾಧಿಗಳಿಗಿರುವಂತೆ ಅವರಿಗೂ ಇದೆ.

ಈ ಲೇಖನದಲ್ಲಿ ನಾವು ತೀರ್ಪನ್ನು ವಿಮರ್ಶಿಸಹೊರಟಿಲ್ಲ. ಅದು ನ್ಯಾಯವೇತ್ತರ ಕೆಲಸ. ತೀರ್ಪು ಹೊರಬಿದ್ದ ಮೇಲೆ ನಾಡಿನ ಜನ ಆಡಿದ ಮಾತುಗಳೇನು, ಆ ಮಾತುಗಳಲ್ಲಿ ನಮ್ಮ ಸಮಾಜದ ಮುಖ ಹೇಗೆ ಕಾಣಿಸಿತು ಎಂಬುದನ್ನು ಬಸವಾನುಯಾಯಿಗಳಾದ ನಾವು ಒಂದಿಷ್ಟು ತಾಳ್ಮೆಯಿಂದ ನೋಡಬೇಕಾಗಿದೆ. ಏಕೆಂದರೆ ಶಿಕ್ಷೆ ಆಗುವುದು ಒಬ್ಬನಿಗಾದರೂ ಪರೀಕ್ಷೆ ಆಗುವುದು ಎಲ್ಲರದೂ ಹೌದು.

ಅರಮನೆಯ ಹೆಸರಿನ ಬೀದಿಯಲ್ಲಿ

ನಮ್ಮ ಕಲಬುರಗಿಯಲ್ಲಿ ಐವಾನ್-ಎ-ಶಾಹಿ ಎಂಬ ಪ್ರದೇಶವಿದೆ. ಆ ಹೆಸರಿನ ಅರ್ಥವೇ ರಾಜಭವನ ಎಂದು. ನಿಜಾಮರ ಕಾಲದ ಆ ಅತಿಥಿಗೃಹದಲ್ಲಿ ಇಂದಿಗೂ ಸಚಿವರು, ಅಧಿಕಾರಿಗಳು ಬಂದು ತಂಗುತ್ತಾರೆ. ಅವರು ಬಂದ ದಿನ ಅಹವಾಲಿನ ಕಾಗದ ಹಿಡಿದ ಬಡವರು ಗೇಟಿನ ಹೊರಗೆ ಕಾಯುವುದು ನಮ್ಮೂರಿನವರಿಗೆ ಪರಿಚಿತ ದೃಶ್ಯ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಕೊನೆಗೊಂಡಿತು. ಆದರೆ ಒಳಗಿರುವವರು ದೊಡ್ಡವರು, ಹೊರಗೆ ನಿಂತವರು ಸಣ್ಣವರು ಎಂಬ ಭಾವನೆ ಅದರೊಡನೆ ಕೊನೆಗೊಂಡಿತೆಂದು ಹೇಳುವ ಧೈರ್ಯ ನಮಗಿಲ್ಲ.

ಹಾಸನದ ಪ್ರಕರಣವು ಈ ಭಾವನೆಗೆ ಬಿದ್ದ ದೊಡ್ಡ ಪೆಟ್ಟು. 2024ರ ಏಪ್ರಿಲ್ ತಿಂಗಳಿನಲ್ಲಿ, ಲೋಕಸಭಾ ಚುನಾವಣೆಯ ಮತದಾನಕ್ಕೆ ಕೆಲವೇ ದಿನಗಳಿರುವಾಗ, ಅಶ್ಲೀಲ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಹಾಸನ ಜಿಲ್ಲೆಯ ಬೀದಿಬೀದಿಗಳಲ್ಲಿ ಹರಡಿದವು. ಮತದಾನ ಮುಗಿದೊಡನೆ ಸಂಸದರು ರಾಜತಾಂತ್ರಿಕ ಪಾಸ್‌ಪೋರ್ಟಿನ ಮೇಲೆ ಜರ್ಮನಿಗೆ ತೆರಳಿದರು. ಏಪ್ರಿಲ್ 30ರಂದು ಅವರ ಪಕ್ಷವೇ ಅವರನ್ನು ಅಮಾನತು ಮಾಡಿತು. ಮೇ 30ರಂದು ನಾಡಿನ ಲೇಖಕರು, ಮಹಿಳಾ ಸಂಘಟನೆಗಳು, ರೈತ-ದಲಿತ ಕಾರ್ಯಕರ್ತರು ‘ಹಾಸನ ಚಲೋ’ ಕೈಗೊಂಡು ಸಂತ್ರಸ್ತೆಯರ ಪರವಾಗಿ ನಡೆದರು. ಅದೇ ರಾತ್ರಿ ಕಳೆದು ಮೇ 31 ಆರಂಭವಾಗುತ್ತಿದ್ದಂತೆ ಅವರು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಬಂದಿಳಿದರು. ವಿಶೇಷ ತನಿಖಾ ದಳವು ಅವರನ್ನು ಬಂಧಿಸಿತು. ಬಂಧಿತನನ್ನು ಕರೆದೊಯ್ದವರು ಮಹಿಳಾ ಪೊಲೀಸರು. ಜೂನ್ 4ರಂದು ಮತ ಎಣಿಕೆಯಾದಾಗ ಹಾಸನದ ಮತದಾರರು ಅವರನ್ನು ಸೋಲಿಸಿದ್ದು ತಿಳಿಯಿತು.

ಮುಂದೆ ನ್ಯಾಯಾಲಯದಲ್ಲಿ ಆ ಹೆಣ್ಣುಮಗಳು ಹೇಳಿದ ಸಾಕ್ಷ್ಯ, ತೋಟದ ಮನೆಯಲ್ಲಿ ದೊರೆತ ಆಕೆಯದೇ ಒಂದು ಸೀರೆ, ಆ ಸೀರೆಯ ಮೇಲಿನ ಕಲೆಗಳ ಡಿಎನ್‌ಎ ಪರೀಕ್ಷೆ, ಇವೆಲ್ಲ ಒಂದಕ್ಕೊಂದು ಹೊಂದಿ ನಿಂತವು. ಹಣ, ಜಾತಿಬಲ, ಅಧಿಕಾರ, ವಂಶದ ಕೀರ್ತಿ ಇವ್ಯಾವುವೂ ಆ ಒಂದು ಸೀರೆಯ ಭಾರವನ್ನು ತೂಗಲಾರದೆ ಹೋದವು.

ಕೇಳಿಬಂದ ನಾಲ್ಕು ಬಗೆಯ ಮಾತುಗಳು

ತೀರ್ಪಿನ ದಿನಗಳಲ್ಲಿ ನಮ್ಮೂರಿನ ಚಹಾದಂಗಡಿಗಳಲ್ಲಿ, ಗುಡಿಯ ಕಟ್ಟೆಗಳಲ್ಲಿ, ಕಮಲಾಪುರದ ಕಡೆ ಹೊರಡುವ ಬಸ್ಸುಗಳಲ್ಲಿ, ಮದುವೆಯ ಊಟದ ಪಂಕ್ತಿಗಳಲ್ಲಿ ಇದೇ ಮಾತು. ಆ ಮಾತುಗಳನ್ನು ಒಟ್ಟುಗೂಡಿಸಿ ನೋಡಿದರೆ ಅವು ನಾಲ್ಕು ಬಗೆಯವಾಗಿ ಕಾಣುತ್ತವೆ.

ಮೊದಲನೆಯದು ಹರ್ಷ. ದೊಡ್ಡವರಿಗೂ ಶಿಕ್ಷೆಯಾಗುತ್ತದೆಯಲ್ಲಾ ಎಂಬ ಸಮಾಧಾನ. ಈ ಹರ್ಷಕ್ಕೆ ನ್ಯಾಯವಾದ ಕಾರಣವಿದೆ. ದಶಕಗಳ ಕಾಲ ಪ್ರಬಲರ ಪ್ರಕರಣಗಳು ಧೂಳು ಹಿಡಿಯುವುದನ್ನು ಕಂಡ ಜನರಿಗೆ, ಬಂಧನವಾದ ಹದಿನಾಲ್ಕು ತಿಂಗಳಲ್ಲಿ ತೀರ್ಪು ಬಂದದ್ದು ಹೊಸ ಅನುಭವ. ಇಂಥ ಸಮಾಧಾನವು ನ್ಯಾಯದ ಮೇಲಿನ ನಂಬಿಕೆಯನ್ನು ಬೆಳೆಸುವುದರಿಂದ ಅದನ್ನು ನಾವು ಗೌರವಿಸುತ್ತೇವೆ.

ಎರಡನೆಯದು ಗೇಲಿ. ನ್ಯಾಯಾಲಯದಲ್ಲಿ ಅಪರಾಧಿ ಅತ್ತ ಸುದ್ದಿಯನ್ನು ಜನ ಮತ್ತೆ ಮತ್ತೆ ಆಡಿಕೊಂಡು ನಕ್ಕರು. 15528 ಎಂಬ ಕೈದಿ ಸಂಖ್ಯೆ ಹಾಸ್ಯದ ವಸ್ತುವಾಯಿತು. ಕಾರಾಗೃಹದ ಗ್ರಂಥಾಲಯದಲ್ಲಿ ಅವರಿಗೆ ಗುಮಾಸ್ತನ ಕೆಲಸ ಕೊಡಲಾಗಿದೆ, ದಿನಕ್ಕೆ 522 ರೂಪಾಯಿ ಕೂಲಿ ಎಂಬ ವರದಿ ಸೆಪ್ಟೆಂಬರ್ ತಿಂಗಳಿನಲ್ಲಿ ಬಂದಾಗ ನಗು ಇನ್ನೂ ಹೆಚ್ಚಿತು. ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಪುಸ್ತಕ ಜೋಡಿಸಿ ದಿನಗೂಲಿ ಪಡೆಯುವುದು ಅವಮಾನದ ಸಂಗತಿಯೇ? ಕಾಯಕವನ್ನು ಧರ್ಮದ ತಳಹದಿಯೆಂದು ನಂಬಿದವರಿಗೆ ಅದು ಅವಮಾನವಾಗಿ ಕಾಣಬಾರದು. ಆ ವ್ಯಕ್ತಿಯ ಜೀವನದಲ್ಲಿ ನಾಚಿಕೆಪಡಬೇಕಾದದ್ದು ಆತ ಎಸಗಿದ ಕೃತ್ಯವೇ ಹೊರತು ದುಡಿದು ಉಣ್ಣುವ ಕೂಲಿಯಲ್ಲ. ಕೂಲಿಯನ್ನು ಕಂಡು ನಕ್ಕವರು, ಅದಕ್ಕೂ ಕಡಿಮೆ ಕೂಲಿಗೆ ನಮ್ಮ ತೊಗರಿಯ ಹೊಲಗಳಲ್ಲಿ ಬಿಸಿಲಿಗೆ ಬೆನ್ನುಕೊಟ್ಟು ದುಡಿಯುವ ತಾಯಂದಿರನ್ನೂ ಅರಿಯದೆಯೇ ನಕ್ಕಂತಾಯಿತು.

ಮೂರನೆಯದು ಅನುಕಂಪ. ಮುಪ್ಪಿನಲ್ಲಿ ಆ ಹಿರಿಯರಿಗೆ ಇದನ್ನು ನೋಡುವ ಗತಿ ಬಂತಲ್ಲಾ, ತಾಯಿಯ ಹೊಟ್ಟೆಗೆ ಎಂಥ ಸಂಕಟ ಎಂದು ಮರುಗಿದವರು ಅನೇಕರು. ಕರುಣೆ ದೊಡ್ಡ ಗುಣ, ಅದನ್ನು ನಿಂದಿಸಲಾಗದು. ಆದರೆ ಆ ಕರುಣೆ ಯಾವ ಮನೆಯ ಬಾಗಿಲವರೆಗೆ ಹೋಗಿ ನಿಂತಿತು ಎಂಬುದನ್ನು ಗಮನಿಸಬೇಕು. ದೊಡ್ಡ ಮನೆಯ ಅಜ್ಜ, ತಾಯಿ, ಬಂಧುಗಳಿಗಾಗಿ ಮರುಗಿದ ಎಷ್ಟೋ ನಾಲಗೆಗಳು, ವರ್ಷಗಟ್ಟಲೆ ಬಾಯಿ ಬಿಡಲಾರದೆ ಬೆಂದ ಆ ಕೂಲಿ ಹೆಣ್ಣಿನ ಸಂಸಾರ ಹೇಗಿದೆ, ಆಕೆಯ ಮಕ್ಕಳು ಶಾಲೆಯಲ್ಲಿ ತಲೆಯೆತ್ತಿ ಕೂರುವಂತಾಯಿತೇ ಎಂದು ಒಮ್ಮೆಯೂ ಕೇಳಲಿಲ್ಲ.

ನಾಲ್ಕನೆಯದು ಸಂಶಯ. ಇದು ರಾಜಕೀಯ, ಇದು ಜಾತಿಯ ಪಿತೂರಿ, ಆಕೆ ಅಂದೇ ಏಕೆ ಹೇಳಲಿಲ್ಲ ಎಂಬ ಮಾತುಗಳು. ಚುನಾವಣೆಯ ಹೊತ್ತಿಗೆ ಆ ದೃಶ್ಯಗಳನ್ನು ಹರಡಿದವರ ಉದ್ದೇಶ ಒಳ್ಳೆಯದಾಗಿರಲಿಲ್ಲ ಎಂಬುದು ನಿಜವಿರಬಹುದು. ಹರಡಿದವರದು ಒಂದು ಅಪರಾಧ, ಎಸಗಿದವನದು ಇನ್ನೊಂದು. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಬರುವುದಿಲ್ಲ. ಆಕೆ ಅಂದೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗಂತೂ ಉತ್ತರ ಪ್ರಶ್ನೆಯಲ್ಲೇ ಇದೆ. ಹೇಳಿದ್ದರೆ ಅಂದು ಕೇಳುವವರು ಯಾರಿದ್ದರು?

ಈ ನಾಲ್ಕೂ ಬಗೆಯ ಮಾತುಗಳಲ್ಲಿ ಅಪರಾಧಿಯೇ ಕಥಾನಾಯಕ. ಅವನ ಕಣ್ಣೀರು, ಅವನ ಸಂಖ್ಯೆ, ಅವನ ಮನೆತನ, ಅವನ ಶತ್ರುಗಳು. ಯಾರ ಧೈರ್ಯದಿಂದ ಈ ತೀರ್ಪು ಸಾಧ್ಯವಾಯಿತೋ ಆಕೆ ಮಾತ್ರ ನಮ್ಮ ಮಾತಿನಲ್ಲಿ ಇರಲಿಲ್ಲ. ಕಾನೂನು ಆಕೆಯ ಹೆಸರನ್ನು ಬಹಿರಂಗಪಡಿಸದಿರುವುದು ಆಕೆಯ ರಕ್ಷಣೆಗಾಗಿ. ಆಕೆಯ ನೋವನ್ನೂ ಮರೆಯಿರಿ ಎಂದು ಯಾವ ಕಾನೂನೂ ನಮಗೆ ಹೇಳಿಲ್ಲ.

ಅಭಿಮಾನವು ಕುರುಡಾದಾಗ

ಪ್ರಸಿದ್ಧರು ಕಟಕಟೆಯಲ್ಲಿ ನಿಂತಾಗ ಜನಸಮೂಹ ವಿವೇಕ ಕಳೆದುಕೊಂಡದ್ದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. 2014ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ನಡೆದ ವಿಶೇಷ ನ್ಯಾಯಾಲಯವು, ನಮ್ಮ ಮೇಲುಕೋಟೆಯಲ್ಲಿ ಜನಿಸಿ ಚಿತ್ರರಂಗದ ತಾರೆಯಾಗಿ ಮೆರೆದು ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಅವರಿಗೆ ಅಕ್ರಮ ಆಸ್ತಿಯ ಪ್ರಕರಣದಲ್ಲಿ 4 ವರ್ಷಗಳ ಸೆರೆವಾಸ ಮತ್ತು 100 ಕೋಟಿ ರೂಪಾಯಿ ದಂಡ ವಿಧಿಸಿತು. ತಮಿಳುನಾಡಿನಲ್ಲಿ ಅಂಗಡಿಗಳು ಮುಚ್ಚಿದವು, ಬಸ್ಸುಗಳಿಗೆ ಕಲ್ಲು ಬಿದ್ದವು. ಬೆಂಕಿ ಹಚ್ಚಿಕೊಂಡು ಪ್ರಾಣ ಕಳೆದುಕೊಂಡವರೂ ಇದ್ದರು. 2015ರ ಮೇ 11ರಂದು ಕರ್ನಾಟಕ ಉಚ್ಚ ನ್ಯಾಯಾಲಯವು ಅವರನ್ನು ಖುಲಾಸೆಗೊಳಿಸಿದಾಗ ಅದೇ ಬೀದಿಗಳಲ್ಲಿ ಸಿಹಿ ಹಂಚಿದರು. 2017ರ ಫೆಬ್ರವರಿ 14ರಂದು ಸರ್ವೋಚ್ಚ ನ್ಯಾಯಾಲಯವು ಆ ಖುಲಾಸೆಯನ್ನು ರದ್ದುಗೊಳಿಸುವ ಹೊತ್ತಿಗೆ ಅವರು ತೀರಿಹೋಗಿ ಎರಡು ತಿಂಗಳಾಗಿತ್ತು. ತೀರ್ಪುಗಳು ಬಂದವು, ಬದಲಾದವು. ಬೆಂಕಿಗೆ ಬಿದ್ದ ಬಡವರ ಜೀವ ಮಾತ್ರ ಮರಳಿ ಬರಲಿಲ್ಲ.

2017ರ ಆಗಸ್ಟ್ 25ರಂದು ಹರಿಯಾಣದ ಪಂಚಕುಲದಲ್ಲಿ ಡೇರಾ ಸಚ್ಚಾ ಸೌದಾ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್ ಅತ್ಯಾಚಾರದ ಅಪರಾಧಿಯೆಂದು ಘೋಷಿತರಾದಾಗ ನಡೆದ ಹಿಂಸಾಚಾರದಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಗುರುವೆಂದು ನಂಬಿದವನಿಗಾಗಿ ಸತ್ತವರು ಅವರು. ಭಕ್ತಿಗೆ ಕಣ್ಣಿರದಿದ್ದರೆ ಅದು ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಇನ್ನು ನಮ್ಮ ಕನ್ನಡ ಚಿತ್ರರಂಗದ ಮಾತು. ಚಿತ್ರದುರ್ಗದ ಯುವಕನೊಬ್ಬನ ಕೊಲೆಯ ಪ್ರಕರಣದಲ್ಲಿ ನಟ ದರ್ಶನ್ 2024ರ ಜೂನ್ 11ರಂದು ಬಂಧಿತರಾದರು. ಅವರು ಆರೋಪಿ ಮಾತ್ರ, ಅಪರಾಧಿಯಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ನಾವು ಹೇಳುತ್ತಿರುವುದು ಅಭಿಮಾನಿಗಳ ಬಗ್ಗೆ. ಕಾರಾಗೃಹದಲ್ಲಿ ನಟನಿಗೆ ಕೊಟ್ಟ 6106 ಎಂಬ ಸಂಖ್ಯೆಯನ್ನು ಅವರು ವಾಹನಗಳ ಮೇಲೆ ಅಂಟಿಸಿಕೊಂಡರು. ಹಸುಗೂಸೊಂದಕ್ಕೆ ಕೈದಿಯ ಉಡುಪು ತೊಡಿಸಿ, ಆ ಸಂಖ್ಯೆ ಬರೆದು ಛಾಯಾಚಿತ್ರ ತೆಗೆದರು. ಕೊಲೆಯಾದ ಯುವಕನೂ ಅದೇ ನಟನ ಅಭಿಮಾನಿಯೇ ಆಗಿದ್ದ. ಆತನ ಪತ್ನಿ ಆಗ ಗರ್ಭಿಣಿ. ತಂದೆಯ ಮುಖ ಕಾಣದೆ ಹುಟ್ಟಲಿದ್ದ ಒಂದು ಕೂಸು ತಾಯಿಯ ಒಡಲಲ್ಲಿದ್ದಾಗ, ಇನ್ನೊಂದು ಕೂಸಿಗೆ ಕೈದಿಯ ಅಂಗಿ ತೊಡಿಸಿ ಸಂಭ್ರಮಿಸಿದ ಸಮಾಜ ನಮ್ಮದು. ಒಂದೆಡೆ 15528 ಎಂದರೆ ನಗು, ಇನ್ನೊಂದೆಡೆ 6106 ಎಂದರೆ ಹೆಮ್ಮೆ. ಎರಡರಲ್ಲಿಯೂ ನೊಂದವರ ಲೆಕ್ಕವಿಲ್ಲ.

2025ರ ಆಗಸ್ಟ್ 14ರಂದು ಸರ್ವೋಚ್ಚ ನ್ಯಾಯಾಲಯವು ಆ ನಟನ ಜಾಮೀನನ್ನು ರದ್ದುಗೊಳಿಸಿತು. ಅದೇ ದಿನ ರಾತ್ರಿ ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರ ಸಂಸ್ಥಾನದ ಎಂಟನೆಯ ಪೀಠಾಧಿಪತಿಗಳಾದ ಪೂಜ್ಯ ಡಾ. ಶರಣಬಸವಪ್ಪ ಅಪ್ಪ ಅವರು ಲಿಂಗೈಕ್ಯರಾದರು. ಮರುದಿನ ಊರಿಗೆ ಊರೇ ಕಣ್ಣೀರಿಟ್ಟಿತು. ಹಳ್ಳಿಗಾಡಿನ ಹೆಣ್ಣುಮಕ್ಕಳಿಗೆ ಶಾಲೆ-ಕಾಲೇಜುಗಳ ಬಾಗಿಲು ತೆರೆದು, ದಾಸೋಹದ ಒಲೆ ಆರದಂತೆ ನೋಡಿಕೊಂಡ ಹಿರಿಯ ಜೀವಕ್ಕೆ ಸಂದ ಗೌರವವದು. ಜನರ ಪ್ರೀತಿ ಎರಡು ಬಗೆಯಲ್ಲಿ ಹುಟ್ಟುತ್ತದೆ. ಒಂದು ತೆರೆಯ ಮೇಲಿನ ಬೆಳಕಿನಿಂದ, ಒಂದು ಬಹುಕಾಲದ ನಡೆಯಿಂದ. ಮೊದಲನೆಯದು ಮುಖವನ್ನು ನೋಡುತ್ತದೆ, ಎರಡನೆಯದು ಕೈಗಳನ್ನು ನೋಡುತ್ತದೆ. ಈ ಭೇದವನ್ನು ನಮ್ಮ ಮಕ್ಕಳಿಗೆ ಕಲಿಸುವವರು ಯಾರು?

ನಮ್ಮವರ ಸರದಿ ಬಂದಾಗ

ಅನ್ಯರ ಮನೆಯ ಮಾತಾಡುವುದು ಸುಲಭ. ಆದ್ದರಿಂದ ನಮ್ಮ ಮನೆಯ ಮಾತನ್ನೂ ಆಡಲೇಬೇಕು. 2022ರ ಸೆಪ್ಟೆಂಬರ್ 1ರ ರಾತ್ರಿ ಚಿತ್ರದುರ್ಗದ ಮುರುಘಾ ಮಠದ ಶಿವಮೂರ್ತಿ ಶರಣರು ಪೋಕ್ಸೊ ಕಾಯ್ದೆಯ ಅಡಿಯಲ್ಲಿ ಬಂಧಿತರಾದಾಗ ನಮ್ಮ ಸಮಾಜ ಹೇಗೆ ನಡೆದುಕೊಂಡಿತು? ಕೆಲವರು ಆರೋಪ ಕೇಳಿದ ಗಳಿಗೆಯಲ್ಲಿಯೇ ಅದು ಸುಳ್ಳೆಂದು ಸಾರಿದರು. ಕೆಲವರು ಅದೇ ಗಳಿಗೆಯಲ್ಲಿ ಸತ್ಯವೆಂದು ಸಾರಿದರು. ಇಬ್ಬರ ಬಳಿಯೂ ಸಾಕ್ಷ್ಯವಿರಲಿಲ್ಲ. 2025ರ ನವೆಂಬರ್ 26ರಂದು ಚಿತ್ರದುರ್ಗದ ನ್ಯಾಯಾಲಯವು ಒಂದು ಪ್ರಕರಣದಲ್ಲಿ ಅವರನ್ನು ಖುಲಾಸೆಗೊಳಿಸಿತು. ಆ ತೀರ್ಪನ್ನೂ ನಾವು ತೀರ್ಪೆಂದೇ ಗೌರವಿಸಬೇಕು. ಆದರೆ ಆ ಮೂರು ವರ್ಷಗಳಲ್ಲಿ ದೂರಿತ್ತ ಬಾಲಕಿಯರ ಬಗ್ಗೆ ನಮ್ಮ ಕಟ್ಟೆಗಳ ಮೇಲೆ ಆಡಿದ ಹಗುರ ಮಾತುಗಳನ್ನು ಯಾವ ತೀರ್ಪೂ ಸಮರ್ಥಿಸುವುದಿಲ್ಲ.

ನಮ್ಮವನಾದರೆ ಪಿತೂರಿ, ಪರರವನಾದರೆ ಪಾಪ ಎಂಬ ತಕ್ಕಡಿ ನ್ಯಾಯದ ತಕ್ಕಡಿಯಲ್ಲ. ಹಾಸನದ ಒಂದು ಸಮುದಾಯದವರು ತಮ್ಮವನ ಪರ ಮಾತಾಡಿದರೆಂದು ನಾವು ಟೀಕಿಸುವ ಮೊದಲು, ಅಂಥ ಸಂದರ್ಭ ನಮಗೆ ಬಂದಾಗ ನಮ್ಮ ತಕ್ಕಡಿಯ ಮುಳ್ಳು ಎತ್ತ ವಾಲಿತು ಎಂದು ನೋಡಿಕೊಳ್ಳಬೇಕು. ತೀರ್ಪಿನ ಮುನ್ನ ಮೌನ, ತೀರ್ಪಿನ ನಂತರ ಗೌರವ, ಎಲ್ಲ ಕಾಲಕ್ಕೂ ನೊಂದವರ ಬಗ್ಗೆ ಮರ್ಯಾದೆ. ಈ ಮೂರು ನಿಯಮ ಎಲ್ಲ ಜಾತಿಗೂ, ಎಲ್ಲ ಮಠಕ್ಕೂ, ಎಲ್ಲ ಪಕ್ಷಕ್ಕೂ ಒಂದೇ ಆಗಿರತಕ್ಕದ್ದು.

ಶರಣರು ತೋರಿದ ನಡೆ

ಕಮಲಾಪುರದ ದಾರಿ ಹಿಡಿದು ಹುಮನಾಬಾದಿನ ಮೂಲಕ ಸಾಗಿದರೆ ಬಸವಕಲ್ಯಾಣ ಎಷ್ಟು ದೂರ? ಹನ್ನೆರಡನೆಯ ಶತಮಾನದಲ್ಲಿ ಆ ನೆಲದಲ್ಲಿ ನಡೆದದ್ದನ್ನು ನೆನೆದರೆ ಇಂದಿನ ಪ್ರಶ್ನೆಗೆ ದಾರಿ ದೊರೆಯುತ್ತದೆ. ಅನುಭವ ಮಂಟಪದಲ್ಲಿ ಕುಳಿತವರಲ್ಲಿ ಅಂಗಳ ಗುಡಿಸುವ ಸತ್ಯಕ್ಕನಿದ್ದಳು, ಅಕ್ಕಿ ಆಯುವ ಲಕ್ಕಮ್ಮನಿದ್ದಳು, ಭತ್ತ ಕುಟ್ಟುವ ಸೋಮವ್ವನಿದ್ದಳು. ಇಂದಿನ ಮಾತಿನಲ್ಲಿ ಹೇಳುವುದಾದರೆ ಇವರೆಲ್ಲ ಕೂಲಿ ಹೆಣ್ಣುಮಕ್ಕಳು. ರಾಜ್ಯದ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಮಾತಿಗೆ ಇದ್ದ ಬೆಲೆಯೇ ಇವರ ಮಾತಿಗೂ ಇತ್ತು. ಗಂಡ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಬಡವಳ ಬಾಯಲ್ಲಿ ಬಂದ ಸತ್ಯವನ್ನು ಕೇಳುವ ಕಿವಿ ಅಂದಿನ ಶರಣರಿಗಿತ್ತು. ಎಂಟು ಶತಮಾನಗಳ ಮೇಲೆ ಬೆಂಗಳೂರಿನ ನ್ಯಾಯಾಲಯದಲ್ಲಿ ಒಬ್ಬ ಕೆಲಸದ ಹೆಣ್ಣುಮಗಳ ಮಾತಿಗೆ ಸಂಸದನ ಮಾತಿಗಿಂತ ಹೆಚ್ಚಿನ ತೂಕ ಬಂದಾಗ, ಆ ಪರಂಪರೆಯ ವಾರಸುದಾರರಾದ ನಾವು ಎಲ್ಲರಿಗಿಂತ ಮೊದಲು ಅದನ್ನು ಗುರುತಿಸಬೇಕಿತ್ತು.

ಬಿದ್ದವರನ್ನು ಎತ್ತುವುದನ್ನೂ ಶರಣರು ಕಲಿಸಿದರು. ಉರಿಲಿಂಗಪೆದ್ದಿ ಮೊದಲು ಕಳ್ಳನಾಗಿದ್ದವನು. ಕಳವಿಗೆ ಹೋದಲ್ಲಿ ಗುರುವಿನ ದೀಕ್ಷೆಯ ದೃಶ್ಯ ಕಂಡು ಮನ ಕರಗಿ ಶರಣನಾದನೆಂದು ಪುರಾಣಗಳು ಹೇಳುತ್ತವೆ. ಆದರೆ ಗಮನಿಸಿ, ಅವನು ಕಳವನ್ನು ಬಿಟ್ಟು ಶರಣನಾದನು. ಕಳವನ್ನು ಸಮರ್ಥಿಸುವ ಗುಂಪು ಕಟ್ಟಿಕೊಂಡು ಬರಲಿಲ್ಲ. ಪಶ್ಚಾತ್ತಾಪವಿಲ್ಲದ ಕ್ಷಮೆ ಕರುಣೆಯಲ್ಲ, ಅದು ಅನ್ಯಾಯಕ್ಕೆ ಕೊಟ್ಟ ರಹದಾರಿ. ಹಾಗೆಯೇ ಪಶ್ಚಾತ್ತಾಪದ ಬಾಗಿಲನ್ನೇ ಮುಚ್ಚಿ ಗೇಲಿಯ ಕಲ್ಲು ಬೀರುವುದು ನ್ಯಾಯವಲ್ಲ, ಅದು ಹಗೆತನ. ಶಿಕ್ಷೆಯನ್ನು ನ್ಯಾಯಾಲಯ ಕೊಟ್ಟಿದೆ. ಅದಕ್ಕೆ ನಮ್ಮ ನಗೆಯನ್ನು ಕೂಡಿಸುವ ಅಗತ್ಯವಿಲ್ಲ, ನಮ್ಮ ಕನಿಕರದಿಂದ ಅದನ್ನು ಕಳೆಯುವ ಅಧಿಕಾರವೂ ನಮಗಿಲ್ಲ.

ನಮ್ಮ ಮನೆಯ ಹೊಸ್ತಿಲೊಳಗೆ

ಹಾಗಾದರೆ ಸದ್ಭಕ್ತ ಕುಟುಂಬಗಳು ಮಾಡಬೇಕಾದದ್ದೇನು? ಕೆಲವು ಮಾತುಗಳನ್ನು ವಿನಂತಿಯ ರೂಪದಲ್ಲಿ ಮುಂದಿಡುತ್ತೇವೆ.

ಹೆಣ್ಣಿನ ಮಾನ ಕಳೆಯುವ ಚಿತ್ರವೋ ದೃಶ್ಯವೋ ನಮ್ಮ ಕೈಯ ಮೊಬೈಲಿಗೆ ಬಂದರೆ ಅದು ಅಲ್ಲಿಯೇ ಅಳಿಯಲಿ. ಅದನ್ನು ಮುಂದೆ ಕಳುಹಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಕಲಮಿನಂತೆ 5 ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಅತ್ಯಾಚಾರದ ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸುವುದೂ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಅಪರಾಧವೇ. ಹಾಸನದ ಹೆಣ್ಣುಮಕ್ಕಳ ಮೇಲೆ ಮೊದಲು ಒಬ್ಬನಿಂದ ದೌರ್ಜನ್ಯ ನಡೆಯಿತು, ಆ ಬಳಿಕ ಕುತೂಹಲದ ಸಾವಿರ ಬೆರಳುಗಳಿಂದ ನಡೆಯಿತು. ಆ ಬೆರಳುಗಳಲ್ಲಿ ನಮ್ಮ ಮನೆಯ ಬೆರಳೂ ಇತ್ತೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು.

ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವ, ಕಸ ಗುಡಿಸುವ, ರೊಟ್ಟಿ ತಟ್ಟುವ ತಾಯಂದಿರಿದ್ದಾರೆ. ಅವರಿಗೆ ಕಾನೂನಿನ ರಕ್ಷಣೆ ಇದೆಯೆಂಬುದು ಅವರಿಗೂ ತಿಳಿಯದು, ನಮಗೂ ತಿಳಿಯದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಮನೆಗೆಲಸದವರಿಗೂ ಅನ್ವಯಿಸುತ್ತದೆ. ಅವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೇಲ್ನೋಟಕ್ಕೆ ದೂರಿನಲ್ಲಿ ಹುರುಳಿದೆಯೆಂದು ಕಂಡರೆ ಸಮಿತಿಯು 7 ದಿನಗಳೊಳಗೆ ಅದನ್ನು ಪೊಲೀಸರಿಗೆ ಒಪ್ಪಿಸಬೇಕು. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಯಾವುದೇ ಮಹಿಳೆಗೆ, ಆದಾಯದ ಮಿತಿಯಿಲ್ಲದೆ, ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ನಮ್ಮ ಅಕ್ಕನ ಬಳಗಗಳು ಮುಂದಿನ ಸಭೆಯಲ್ಲಿ ಈ ಸಂಗತಿಗಳನ್ನು ಓದಿ ಹೇಳಿದರೆ ಒಂದು ಸತ್ಸಂಗವೇ ಆದೀತು.

ಕೊನೆಯದಾಗಿ, ನಮ್ಮ ಗಂಡುಮಕ್ಕಳು. ಹೆಣ್ಣುಮಕ್ಕಳಿಗೆ ಕತ್ತಲಾಗುವ ಮುನ್ನ ಮನೆ ಸೇರೆಂದು ದಿನವೂ ಹೇಳುತ್ತೇವೆ. ಗಂಡುಮಕ್ಕಳಿಗೆ ಏನು ಹೇಳುತ್ತೇವೆ? ಮನೆಗೆಲಸದಾಕೆಯನ್ನು ಅಕ್ಕ, ಅವ್ವ ಎಂದು ಕರೆಯಲು ಚಿಕ್ಕಂದಿನಲ್ಲಿಯೇ ಕಲಿಸಿದ್ದೇವೆಯೇ? ಆಕೆ ಬೇಡವೆಂದದ್ದು ಬೇಡವೇ ಎಂದು ತಿಳಿಹೇಳಿದ್ದೇವೆಯೇ? ಮಗ ತಪ್ಪು ಮಾಡಿ ಬಂದಾಗ ಮುಚ್ಚಿಹಾಕುವ ತಂದೆ-ತಾಯಿಯರು ಆ ಮಗನನ್ನು ಉಳಿಸುತ್ತಿಲ್ಲ, ಮುಂದೊಂದು ದಿನ ಯಾವುದೋ ಕಟಕಟೆಯವರೆಗೆ ಅವನನ್ನು ತಮ್ಮ ಕೈಯಾರೆ ನಡೆಸಿಕೊಂಡು ಹೋಗುತ್ತಿದ್ದಾರೆ.

ದೊಡ್ಡವರು ಬಿದ್ದಾಗ ಸದ್ದು ದೊಡ್ಡದಾಗುತ್ತದೆ. ಆ ಸದ್ದಿನಲ್ಲಿ, ಒಂಟಿಯಾಗಿ ನಿಂತು ಸತ್ಯ ನುಡಿದವಳ ಸಣ್ಣ ದನಿ ನಮಗೆ ಕೇಳದೆ ಹೋಗಬಾರದು. ಇನ್ನು ಮುಂದೆ ಯಾರ ಮನೆಯಲ್ಲಾದರೂ ಈ ತೀರ್ಪಿನ ಮಾತು ಬಂದಾಗ, ಅಪರಾಧಿಯ ಕಣ್ಣೀರಿನ ಕಥೆಯನ್ನು ಬದಿಗಿಟ್ಟು, ಹೆಸರು ತಿಳಿಯದ ಆ ತಾಯಿಯ ಎದೆಗಾರಿಕೆಗೆ ಒಂದು ಶರಣು ಹೇಳೋಣ.